ಆಸೆಗೆ ಕಟ್ಟೆ ಸಾಲದು, ತೂಬು ಬೇಕು

ಧಾರಣೆ ಎಂದರೆ ಯೋಗಶಾಸ್ತ್ರದಲ್ಲಿ ಮನಸ್ಸನ್ನು ಒಂದೆಡೆ ನಿಲ್ಲಿಸುವುದು. ಶಿರಸಿ ಪೇಟೆಯಲ್ಲಿ ಧಾರಣೆ ಎಂದರೆ ಕ್ವಿಂಟಲ್ ಅಡಿಕೆಯ ಬೆಲೆ. ಎರಡನೆಯ ಧಾರಣೆ ಫೋನಿಗೆ ಬರತೊಡಗಿದ ಮೇಲೆ ಮೊದಲನೆಯದು ಕಷ್ಟವಾಗಿದೆ. ಚಾಲಿ (ಸಿಪ್ಪೆಸಹಿತ ಒಣಗಿಸಿದ ಹಣ್ಣಡಿಕೆ) ಸುಲಿದು, ಚೀಲ ಕಟ್ಟಿ ಮೆತ್ತಿನ (ಮಹಡಿಯ) ಮೇಲೆ ಇಟ್ಟವರು ದಿನಕ್ಕೆ ಹತ್ತು ಸಲ ರೇಟು ನೋಡುತ್ತಾರೆ. ಏರಿದರೆ ‘ಇನ್ನೂ ಏರಲಿ’, ಇಳಿದರೆ ‘ಮೊನ್ನೆಯೇ ಕೊಡಬೇಕಿತ್ತು’. ಏರಿದ ದಿನವೂ ನಿದ್ದೆಯಿಲ್ಲ, ಇಳಿದ ದಿನವೂ ಇಲ್ಲ.

ಇದು ಅಡಿಕೆಯ ಕಥೆ ಮಾತ್ರವಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರತಂದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರುಪೇಟೆಯ ಫ್ಯೂಚರ್ಸ್–ಆಪ್ಷನ್ಸ್ (ಮುಂದೆ ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಮಾಡುವ) ವಹಿವಾಟಿಗೆ ಇಳಿದ ಸಾಮಾನ್ಯ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಮಾಡಿಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅದಕ್ಕಿಂತ ಯೋಚಿಸಬೇಕಾದ ಅಂಶ ಇನ್ನೊಂದಿದೆ: ನಷ್ಟವಾದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಮತ್ತೆ ಅದೇ ವಹಿವಾಟನ್ನು ಮುಂದುವರಿಸಿದರು. ಕೈ ಸುಟ್ಟ ಮೇಲೂ ಕೈ ಅಲ್ಲಿಗೇ ಹೋಗುತ್ತದೆ.

‘ಆಸೆ ಬಿಡಿ, ಶಾಂತಿ ಸಿಗುತ್ತದೆ’ ಎಂಬ ಮಾತು ಎಲ್ಲ ಪ್ರವಚನಗಳಲ್ಲೂ ಕೇಳಿಬರುತ್ತದೆ. ಬಿಡುವುದು ಹೇಗೆ, ಎಷ್ಟು ಬಿಡಬೇಕು, ಯಾವ ಹಂತದಲ್ಲಿ ಬಿಡಬೇಕು ಎಂಬುದು ಅಷ್ಟಾಗಿ ಕೇಳಿಬರುವುದಿಲ್ಲ. ಈ ಬರಹ ಅದರ ಬಗ್ಗೆ.

## ಅಗತ್ಯ, ಆಸೆ, ಅತಿಯಾಸೆ

ಮೂರನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಗೊಂದಲ ಶುರುವಾಗುತ್ತದೆ.

ಅಗತ್ಯ ಪೂರೈಸಿದರೆ ಮುಗಿಯುತ್ತದೆ. ಹಸಿವಾಯಿತು, ಉಂಡಾಯಿತು. ಅನ್ನದ ಮೇಲೆ ತಂಬುಳಿ ಹಾಕಿ ಎರಡನೇ ಸಲ ಬಡಿಸಿಕೊಂಡವರು ಮೂರನೆಯ ಸಲಕ್ಕೆ ಕೈ ಅಡ್ಡ ಹಿಡಿಯುತ್ತಾರೆ. ಸಾಕು ಎನ್ನುವ ಅಳತೆ ಅಗತ್ಯದ ಒಳಗೇ ಇದೆ.

ಆಸೆ ಎಂದರೆ ಒಂದು ವಸ್ತುವಿನ ಮೇಲೋ ಸ್ಥಿತಿಯ ಮೇಲೋ ಮನಸ್ಸು ಹೋಗುವುದು. ಮಗಳನ್ನು ಓದಿಸಬೇಕು, ಮಳೆಗಾಲಕ್ಕೆ ಮುಂಚೆ ಹಂಚು ಹೊದೆಸಬೇಕು, ಗೋಕರ್ಣಕ್ಕೆ ಹೋಗಿಬರಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಪುರುಷಾರ್ಥ ನಾಲ್ಕರಲ್ಲಿ ಅರ್ಥಕ್ಕೂ ಕಾಮಕ್ಕೂ ಜಾಗ ಕೊಟ್ಟ ಪರಂಪರೆ ನಮ್ಮದು.

ಅತಿಯಾಸೆಯ ಗುರುತು ಪ್ರಮಾಣವಲ್ಲ, ವರ್ತನೆ. ಕೋಟಿಯ ಆಸೆ ಹಿತವಾಗಿರಬಹುದು, ನೂರು ರೂಪಾಯಿಯದು ಅತಿಯಾಗಿರಬಹುದು. ಕೇಳಿಕೊಳ್ಳಬೇಕಾದ್ದು ಮೂರು ಪ್ರಶ್ನೆ. ಸಿಕ್ಕ ಮೇಲೆ ನಿಂತಿತೇ, ಉದ್ದವಾಯಿತೇ? ಸಿಗದಿದ್ದರೆ ಬರೀ ಬೇಸರವಾಗುತ್ತದೆಯೇ, ಅಥವಾ ನಿದ್ದೆ, ಊಟ, ಮನೆಯವರ ಜೊತೆ ಮಾತು ಕೆಡುತ್ತದೆಯೇ? ಅದನ್ನು ತುಂಬಿಸಲು ಬೇರೆ ಯಾವುದರಿಂದಲೋ ತೆಗೆದು ಕೊಡುತ್ತಿದ್ದೀರಾ, ಅಂದರೆ ಸಾಲದಿಂದ, ಆರೋಗ್ಯದಿಂದ, ಮಕ್ಕಳ ಹೊತ್ತಿನಿಂದ? ಮೂರರಲ್ಲಿ ಎರಡಕ್ಕೆ ಉತ್ತರ ಕೆಟ್ಟ ಕಡೆಗೆ ಬಂದರೆ ಅದು ಅತಿಯಾಸೆ.

ಶಾಸ್ತ್ರಗಳಲ್ಲಿ ಇದಕ್ಕೆ ಲೋಭ, ತೃಷ್ಣೆ ಎಂಬ ಹೆಸರುಗಳಿವೆ. ತೃಷ್ಣೆ ಎಂದರೆ ಬಾಯಾರಿಕೆ. ಬುದ್ಧ ದುಃಖದ ಮೂಲವೆಂದು ಹೇಳಿದ ‘ತಣ್ಹಾ’ ಇದೇ ಪದದ ಪಾಲಿ ರೂಪ. ಸಮುದ್ರದ ನೀರು ಕುಡಿದರೆ ಬಾಯಾರಿಕೆ ಹೆಚ್ಚುವುದು ಯಾಕೆಂದು ಕಾರವಾರದವರಿಗೆ ವಿವರಿಸಬೇಕಿಲ್ಲ: ಒಳಗೆ ಹೋದ ಉಪ್ಪನ್ನು ಹೊರಹಾಕಲು ದೇಹ, ಕುಡಿದದ್ದಕ್ಕಿಂತ ಹೆಚ್ಚು ನೀರು ಖರ್ಚು ಮಾಡುತ್ತದೆ. ಅತಿಯಾಸೆಯ ಲೆಕ್ಕವೂ ಹಾಗೆಯೇ.

## ಒಂದು ಕಾರು ತಲೆಯೊಳಗೆ ಬೆಳೆದ ಬಗೆ

ಆಸೆ ಒಮ್ಮೆಲೇ ಹುಟ್ಟುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಭಗವದ್ಗೀತೆಯ ಎರಡನೆಯ ಅಧ್ಯಾಯದ 62 ಮತ್ತು 63ನೇ ಶ್ಲೋಕಗಳು ಆ ಮೆಟ್ಟಿಲುಗಳನ್ನು ಕ್ರಮವಾಗಿ ಹೆಸರಿಸುತ್ತವೆ: ವಿಷಯಧ್ಯಾನ, ಸಂಗ, ಕಾಮ, ಕ್ರೋಧ, ಸಂಮೋಹ, ಸ್ಮೃತಿಭ್ರಂಶ, ಬುದ್ಧಿನಾಶ, ಕೊನೆಗೆ ಸರ್ವನಾಶ. ಪದಗಳು ಭಾರವಾಗಿ ಕೇಳಿಸಿದರೂ ನಡೆಯುವ ಸಂಗತಿ ಸಾಮಾನ್ಯವೇ.

ಶಿರಸಿ ಕಡೆಯ ಒಬ್ಬರು ಕುಮಟಾಕ್ಕೆ ಮದುವೆಯೂಟಕ್ಕೆ ಹೋದರು ಎಂದುಕೊಳ್ಳಿ. ಅಂಗಳದಲ್ಲಿ ನೆಂಟರೊಬ್ಬರ ಹೊಸ ಕಾರು ನಿಂತಿತ್ತು. ನೋಡಿದರು. ಇಲ್ಲಿಯವರೆಗೆ ಏನೂ ಆಗಿಲ್ಲ. ಕಣ್ಣಿದ್ದವರಿಗೆ ಕಂಡೇ ಕಾಣುತ್ತದೆ. ವಾಪಸು ಬರುವಾಗ ದೇವಿಮನೆ ಘಾಟಿನಲ್ಲಿ ಬಸ್ಸು ಏದುಸಿರು ಬಿಡುತ್ತಿದ್ದರೆ ಇವರು ಆ ಕಾರಿನ ಸ್ಟಿಯರಿಂಗ್ ಹಿಡಿದಿದ್ದರು, ಮನಸ್ಸಿನಲ್ಲಿ. ತಮ್ಮ ಮನೆಯ ಅಂಗಳದಲ್ಲಿ ಅದನ್ನು ನಿಲ್ಲಿಸಿದರು. ಅತ್ತೆ ಮನೆಯವರು ಬಂದು ಬಾಗಿಲು ತೆಗೆದು ನೋಡಿದರು. ಇದು ಧ್ಯಾನ. ರಾತ್ರಿ ಅದೇ ಕಾರಿನ ವಿಡಿಯೊ ನೋಡಿ ಬಣ್ಣ ಆರಿಸಿದ್ದು ಸಂಗ, ಅಂಟು. ಮರುದಿನ ‘ಬೇಕೇ ಬೇಕು’ ಎಂದು ಕಂತಿನ ಲೆಕ್ಕ ಹಾಕಿದ್ದು ಕಾಮ. ‘ಈಗ ಯಾಕೆ? ಮುಂದಿನ ವರ್ಷ ನೋಡ್ವನ’ ಎಂದ ಹೆಂಡತಿಯ ಮೇಲೆ ರೇಗಿದ್ದು ಕ್ರೋಧ. ಮನೆಯ ಹಿತ ನೋಡಿ ಹೇಳಿದವಳೇ ವೈರಿಯಂತೆ ಕಂಡದ್ದು ಸಂಮೋಹ. ಎರಡು ವರ್ಷದ ಹಿಂದೆ ಬೋರ್‌ವೆಲ್‌ಗೆ ಮಾಡಿದ ಸಾಲ ಇನ್ನೂ ತೀರಿಲ್ಲ ಎಂಬುದು ತಲೆಗೆ ಬಾರದೇ ಹೋದದ್ದು ಸ್ಮೃತಿಭ್ರಂಶ. ಸಾಲದ ಅರ್ಜಿಗೆ ಸಹಿ ಹಾಕಿದ್ದು ಏಳನೆಯ ಮೆಟ್ಟಿಲು.

ಇದರಲ್ಲಿ ತಡೆಯುವುದು ಸುಲಭವಾಗಿದ್ದ ಜಾಗ ಯಾವುದು? ಸಹಿ ಹಾಕುವ ಹೊತ್ತಲ್ಲ. ಕಾರು ನೋಡಿದ ಕ್ಷಣವೂ ಅಲ್ಲ. ಬಸ್ಸಿನಲ್ಲಿ ಸ್ಟಿಯರಿಂಗ್ ಹಿಡಿದ ಆ ಗಳಿಗೆ. ನೋಡುವುದಕ್ಕೂ ಚಿತ್ರ ಕಟ್ಟುವುದಕ್ಕೂ ನಡುವೆ ಒಂದು ಸಂದು ಇದೆ. ಅಭ್ಯಾಸವೆಲ್ಲ ಆ ಸಂದನ್ನು ಗುರುತಿಸಲಿಕ್ಕೆ.

ಮನೋವಿಜ್ಞಾನಿಗಳೂ ಇತ್ತೀಚೆಗೆ ಇದೇ ಜಾಗಕ್ಕೆ ಬಂದು ನಿಂತಿದ್ದಾರೆ. ಡೇವಿಡ್ ಕ್ಯಾವನಾ, ಜಾಕಿ ಆಂಡ್ರೇಡ್, ಜಾನ್ ಮೇ ಎಂಬ ಸಂಶೋಧಕರು 2005ರಲ್ಲಿ ಮಂಡಿಸಿದ ಸಿದ್ಧಾಂತದ ಸಾರ ಇದು: ಬಯಕೆಯ ಮೊದಲ ಹೊಳಹು ತಾನಾಗಿ ಬರುತ್ತದೆ, ಅದನ್ನು ಕಡುಬಯಕೆಯಾಗಿ ಬೆಳೆಸುವುದು ನಾವು ಮನಸ್ಸಿನಲ್ಲಿ ಬಿಡಿಸುವ ಚಿತ್ರ. ಚಿತ್ರ ಬಿಡಿಸಲು ಬೇಕಾದ ಶಕ್ತಿಯನ್ನು ಕಣ್ಣಿಗೆ ಕೆಲಸ ಕೊಡುವ ಬೇರೆ ಯಾವುದಾದರೂ ಕಸಿದುಕೊಂಡರೆ ಬಯಕೆ ಸೊರಗುತ್ತದೆ. ಬೀಳುವ ಬ್ಲಾಕುಗಳನ್ನು ಜೋಡಿಸುವ ಟೆಟ್ರಿಸ್ ಆಟವನ್ನು ಮೂರು ನಿಮಿಷ ಆಡಿದವರಲ್ಲಿ ಬಯಕೆಯ ತೀವ್ರತೆ ತಗ್ಗಿದ್ದನ್ನು ಆಮೇಲಿನ ಪ್ರಯೋಗದಲ್ಲಿ ಕಂಡರು. ನಮ್ಮಲ್ಲಿ ಅದಕ್ಕೆ ಫೋನೇ ಬೇಕೆಂದಿಲ್ಲ. ಅಡಿಕೆ ಆರಿಸುವುದು, ಹೂ ಕಟ್ಟುವುದು, ಚುಕ್ಕಿ ಎಣಿಸಿ ರಂಗೋಲಿ ಹಾಕುವುದು, ಎಲ್ಲಕ್ಕೂ ಕಣ್ಣೂ ಕೈಯೂ ಒಟ್ಟಿಗೆ ಬೇಕು. ಜಪಕ್ಕೆ ಮಣಿಸರ ಇಟ್ಟದ್ದರ ಹಿಂದೆಯೂ ಇಂಥದೇ ಲೆಕ್ಕ ಇದ್ದಿರಬಹುದು.

## ಸಿಕ್ಕ ಮೇಲೂ ಮುಗಿಯದಿರಲು ಕಾರಣ

ಆಲೆಮನೆಗೆ ಹೋದವರಿಗೆ ಗೊತ್ತು. ಕಬ್ಬಿನ ಹಾಲಿನ ಮೊದಲ ಲೋಟ ಅಮೃತ. ಎರಡನೆಯದೂ ಚೆನ್ನ. ಮೂರನೆಯದಕ್ಕೆ ನಾಲಿಗೆ ಮಂದವಾಗುತ್ತದೆ. ಪಕ್ಕದಲ್ಲಿ ಮಂಡಕ್ಕಿ, ಮಿರ್ಚಿ ಭಜೆ ಇಟ್ಟಿರುವುದು ಸುಮ್ಮನೆ ಅಲ್ಲ. ಖಾರ ತಿಂದು ನಾಲಿಗೆ ತಿರುಗಿದರೆ ಇನ್ನೊಂದು ಲೋಟ ಹೋಗುತ್ತದೆ. ರುಚಿ ಮರಳಲು ಬೇಕಾದದ್ದು ಮತ್ತಷ್ಟು ಹಾಲಲ್ಲ, ನಡುವೆ ಒಂದು ಬಿಡುವು.

ಮನಸ್ಸು ಸಿಕ್ಕಿದ್ದಕ್ಕೆ ಒಗ್ಗಿಹೋಗುವ ಈ ಗುಣಕ್ಕೆ ಮನೋವಿಜ್ಞಾನಿಗಳಾದ ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ 1971ರಲ್ಲಿ ‘ಸುಖದ ಟ್ರೆಡ್‌ಮಿಲ್’ ಎಂಬ ಅರ್ಥದ ಹೆಸರಿಟ್ಟರು: ಎಷ್ಟು ಓಡಿದರೂ ನಿಂತ ಜಾಗ ಅದೇ. 1978ರಲ್ಲಿ ಬ್ರಿಕ್‌ಮನ್ ಮತ್ತು ಜೊತೆಗಾರರು ಲಾಟರಿ ಗೆದ್ದ 22 ಮಂದಿಯನ್ನು, ಗೆಲ್ಲದ 22 ಮಂದಿಯ ಜೊತೆ ಹೋಲಿಸಿ ನೋಡಿದರು. ಗೆದ್ದವರು ಹೆಚ್ಚು ಸುಖಿಗಳೆಂದು ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಬದಲಿಗೆ, ಬೆಳಗಿನ ತಿಂಡಿ, ಗೆಳೆಯರ ಜೊತೆ ಹರಟೆ ಇಂಥ ಸಣ್ಣಪುಟ್ಟ ಸಂಗತಿಗಳಲ್ಲಿ ಗೆದ್ದವರಿಗೆ ಸಿಗುವ ಖುಷಿ ಕಡಿಮೆಯಿತ್ತು. ಅದು ಚಿಕ್ಕ ಅಧ್ಯಯನ. ಸ್ವೀಡನ್ನಿನಲ್ಲಿ ನಡೆದ ತೀರ ದೊಡ್ಡ ಅಧ್ಯಯನವೊಂದು 2020ರಲ್ಲಿ ಬೇರೆ ಚಿತ್ರ ಕೊಟ್ಟಿತು: ದೊಡ್ಡ ಬಹುಮಾನ ಬಂದವರಿಗೆ ಬದುಕಿನ ಬಗೆಗಿನ ಒಟ್ಟು ಸಮಾಧಾನ ವರ್ಷಗಟ್ಟಲೆ ಹೆಚ್ಚಿತ್ತು, ದಿನದಿನದ ಸಂತೋಷದ ಮೇಲಿನ ಪರಿಣಾಮ ಮಾತ್ರ ಬಹಳ ಕಡಿಮೆ. ಹಾಗಾಗಿ ‘ದುಡ್ಡಿನಿಂದ ಏನೂ ಪ್ರಯೋಜನವಿಲ್ಲ’ ಎನ್ನುವುದೂ ಸುಳ್ಳೇ. ದುಡ್ಡು ಚಿಂತೆ ಕಳೆಯಬಲ್ಲದು. ಪ್ರತಿ ಬೆಳಗಿನ ಚಹಾದ ರುಚಿಯನ್ನು ಅದು ಹೆಚ್ಚಿಸಲಾರದು.

ಎರಡನೆಯ ಕಾರಣ ಮಿದುಳಿನಲ್ಲಿದೆ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳಿಗೆ ಹಣ್ಣಿನ ರಸದ ಹನಿ ಕೊಟ್ಟು ಡೋಪಮಿನ್ ಎಂಬ ರಾಸಾಯನಿಕ ಬಿಡುವ ನರಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಕೋಶಗಳು ಮಿಡಿಯುತ್ತಿದ್ದವು. ರಸಕ್ಕೆ ಮುಂಚೆ ಒಂದು ಸೂಚನೆ ಬರುತ್ತದೆಂದು ಮಂಗ ಕಲಿತ ಮೇಲೆ ಮಿಡಿತ ಸೂಚನೆಗೇ ಸರಿಯಿತು; ರಸ ಸಿಕ್ಕಾಗ ಹೆಚ್ಚೇನೂ ಆಗಲಿಲ್ಲ. ಸೂಚನೆ ಬಂದು ರಸ ಬಾರದಿದ್ದರೆ ಮಿಡಿತ ಮಾಮೂಲಿಗಿಂತ ಕೆಳಗಿಳಿಯಿತು. ಇದನ್ನು ಫೋನಿಗೆ ಹಚ್ಚಿ ನೋಡಿ. ಟಣ್ ಎಂದಾಗ ಏಳುವ ಉತ್ಸಾಹ ಸಂದೇಶ ಓದಿದಾಗ ಇರುವುದಿಲ್ಲ. ಟಣ್ ಎನ್ನದಿದ್ದರೆ ಏನೋ ಕಳೆದುಕೊಂಡಂತೆ.

ಕೆಂಟ್ ಬೆರಿಜ್ ಎಂಬ ಇನ್ನೊಬ್ಬ ಸಂಶೋಧಕರು ತೋರಿಸಿದ್ದು ಇನ್ನೂ ಮುಖ್ಯ: ಮಿದುಳಿನಲ್ಲಿ ‘ಬೇಕು’ ಎನ್ನುವ ವ್ಯವಸ್ಥೆ ಬೇರೆ, ‘ಹಿಡಿಸಿತು’ ಎನ್ನುವ ವ್ಯವಸ್ಥೆ ಬೇರೆ. ಡೋಪಮಿನ್ ಇಲ್ಲದಂತೆ ಮಾಡಿದ ಇಲಿಗಳು ಆಹಾರ ಹುಡುಕಿ ಹೋಗಲಿಲ್ಲ, ಆದರೆ ನಾಲಿಗೆಯ ಮೇಲೆ ಸಕ್ಕರೆ ನೀರು ಹಾಕಿದಾಗ ಎಂದಿನಂತೆಯೇ ಸವಿದವು. ತಿರುಗಿಸಿ ಹೇಳಿದರೆ, ಹಿಡಿಸದಿದ್ದರೂ ಬೇಕೆನಿಸುವುದು ಸಾಧ್ಯ. ನಷ್ಟವಾದ ಮೇಲೂ ಆಪ್ಷನ್ಸ್ ಬಿಡದ ಆ ಮುಕ್ಕಾಲು ಪಾಲು ಜನರನ್ನು ನೆನಪಿಸಿಕೊಳ್ಳಿ. ಅವರಿಗೆ ಅದರಲ್ಲಿ ಸುಖವಿದೆ ಎಂದಲ್ಲ. ಮಗ ಪೂರುವಿನ ಯೌವನವನ್ನು ಎರವಲು ಪಡೆದು ಸಾವಿರ ವರ್ಷ ಭೋಗಿಸಿದ ಯಯಾತಿ, ತುಪ್ಪ ಹೊಯ್ದರೆ ಬೆಂಕಿ ಆರುವುದಿಲ್ಲ ಎಂದು ಮಹಾಭಾರತದಲ್ಲಿ ಹೇಳುವುದು ಇದನ್ನೇ.

ಮೂರನೆಯದು ಹೋಲಿಕೆ. ಕಾರವಾರದಲ್ಲಿದ್ದವರಿಗೆ ಗೋವೆಯಲ್ಲಿ ಕೆಲಸ ಸಿಕ್ಕ ಗೆಳೆಯನ ಸಂಬಳ ಚುಚ್ಚುತ್ತದೆ, ಅಂಬಾನಿಯದು ಚುಚ್ಚುವುದಿಲ್ಲ. ನಮ್ಮಂತೆಯೇ ಇರುವವರ ಜೊತೆ ನಮ್ಮನ್ನು ತೂಗಿ ನೋಡಿಕೊಳ್ಳುತ್ತೇವೆ ಎಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದಿದ್ದರು. ಆಗ ಒಬ್ಬ ಮನುಷ್ಯನಿಗೆ ಇಂಥವರು ಕೆಲವೇ ಮಂದಿ. ಈಗ ಸ್ಟೇಟಸ್ ಹಾಕುವವರೆಲ್ಲ.

## ಒತ್ತಿ ಹಿಡಿದರೆ

ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ‘ಈಗ ಬೇಕಾದರೆ ನೆನೆಯಿರಿ’ ಎಂದಾಗ, ಮೊದಲು ತಡೆದಿದ್ದವರು ತಡೆಯದವರಿಗಿಂತ ಹೆಚ್ಚು ಸಲ ನೆನೆದರು. ಒಂದು ಯೋಚನೆಯನ್ನು ಹೊರಗಿಡಲು ಅದು ಬಂತೋ ಇಲ್ಲವೋ ಎಂದು ಆಗಾಗ ಇಣುಕಬೇಕು. ಇಣುಕಿದಾಗೆಲ್ಲ ಅದು ಎದುರಿಗೇ ಇರುತ್ತದೆ.

ಹಾಗಾದರೆ ದಾರಿ? ಅಘನಾಶಿನಿಯ ಹಿನ್ನೀರಿನಲ್ಲಿ, ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಸುತ್ತಿನ ಗಜನಿ ಗದ್ದೆಗಳನ್ನು ನೋಡಿದರೆ ಅರ್ಥವಾಗುತ್ತದೆ. ಉಪ್ಪುನೀರಿನ ಅಂಚಿನಲ್ಲಿ ಕಗ್ಗ ಭತ್ತ ಬೆಳೆಯುವ ಜಾಗ ಅದು. ಸುತ್ತ ಕಟ್ಟೆ, ಕಟ್ಟೆಯಲ್ಲಿ ತೂಬು, ತೂಬಿಗೆ ಹಲಗೆ. ಭರತದ (ಉಬ್ಬರದ) ನೀರು ಬೇಡವಾದಾಗ ಹಲಗೆ ಇಳಿಸುತ್ತಾರೆ, ಇಳಿತದ ಹೊತ್ತಿಗೆ ಎತ್ತಿ ಒಳಗಿನ ಮಳೆನೀರನ್ನು ಬಿಡುತ್ತಾರೆ. ಕೊಯ್ಲಾದ ಮೇಲೆ ಉಪ್ಪುನೀರನ್ನು ಬೇಕೆಂದೇ ಒಳಗೆ ಬಿಡುತ್ತಾರೆ. ಅದರ ಜೊತೆ ಸಿಗಡಿ, ಮೀನು ಬರುತ್ತವೆ. ತೂಬೇ ಇಲ್ಲದ ಗಟ್ಟಿ ಕಟ್ಟೆ ಕಟ್ಟಿದರೆ ಒಳಗಿನ ನೀರು ಹೋಗಲು ದಾರಿಯಿಲ್ಲದೆ ಬೆಳೆ ಕೊಳೆಯುತ್ತದೆ, ಇಲ್ಲವೇ ಕಟ್ಟೆ ಒಡೆಯುತ್ತದೆ. ಕಟ್ಟೆಯೇ ಇಲ್ಲದಿದ್ದರೆ ಗದ್ದೆಯೇ ಇಲ್ಲ.

ಹಲಗೆ ಇಳಿಸುವುದು ಭರತ ಬರುವ ಮುಂಚೆ, ನೀರು ನುಗ್ಗಿದ ಮೇಲೆ ಅಲ್ಲ. ಈ ಒಂದು ವಿವರವನ್ನು ಮುಂದಿನ ಭಾಗ ಓದುವಾಗ ಜೊತೆಗಿಟ್ಟುಕೊಳ್ಳಿ.

## ಮಾಡುವ ಕ್ರಮ

ಮೊದಲ ಏಳು ದಿನ ಬರೀ ಲೆಕ್ಕ. ಕಿಸೆಯಲ್ಲಿ ಹಿಡಿಸುವ ಪುಸ್ತಕ ಸಾಕು. ‘ಬೇಕು’ ಎಂದು ಮನಸ್ಸು ಎಳೆದಾಗ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಗಂಟೆ, ಏನು ಕಂಡಾಗ ಅಥವಾ ಕೇಳಿದಾಗ, ದೇಹದಲ್ಲಿ ಎಲ್ಲಿ ಗೊತ್ತಾಯಿತು, 10ಕ್ಕೆ ಎಷ್ಟು ಜೋರು. ಬದಲಾಯಿಸಲು ಹೋಗಬೇಡಿ. ‘ರಾ. 10.20, ತಂಗಿಯ ಸ್ಟೇಟಸಿನಲ್ಲಿ ಬಳೆ, ಎದೆ ಬಿಗಿ, 7.’ ಇಷ್ಟೇ. ವಾರದ ಕೊನೆಗೆ ನೋಡಿದರೆ ನೂರಾರು ಆಸೆಗಳೆಂದುಕೊಂಡದ್ದು ಮೂರು ನಾಲ್ಕು ಬಾಗಿಲುಗಳಿಂದಲೇ ಬರುತ್ತಿರುವುದು ಸಾಮಾನ್ಯವಾಗಿ ಕಾಣುತ್ತದೆ: ರಾತ್ರಿ ಹತ್ತರ ಮೇಲಿನ ಫೋನು, ಒಬ್ಬ ನಿರ್ದಿಷ್ಟ ವ್ಯಕ್ತಿಯ ಜೊತೆಗಿನ ಮಾತು, ಹಸಿವು, ಅವಮಾನ. ದಣಿದಾಗ ಮತ್ತು ಯಾರೋ ಏನೋ ಅಂದಾಗ ಕೊಳ್ಳುವ ಆಸೆ ಏಳುವುದು ಅನೇಕರಿಗೆ ಈ ಪುಸ್ತಕದಿಂದಲೇ ಮೊದಲ ಸಲ ಗೊತ್ತಾಗುವುದು.

ಬಾಗಿಲಿಗೆ ಹಲಗೆ. ಎರಡನೆಯ ವಾರ ಆ ಮೂರು ನಾಲ್ಕಕ್ಕೆ ಮಾತ್ರ ಕೈ ಹಾಕಿ. ಅಂಗಡಿ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ಅಳಿಸಿ. ಪ್ರತಿ ಸಲ 16 ಅಂಕಿ ಒತ್ತಬೇಕಾದರೆ ಅರ್ಧ ಆಸೆ ಅಲ್ಲೇ ನಿಲ್ಲುತ್ತದೆ. ಸೂಚನೆಯ ಸದ್ದು ನಿಲ್ಲಿಸಿ. ಅಡಿಕೆ ಧಾರಣೆ ನೋಡಲು ಒಂದೇ ಹೊತ್ತು ಇಟ್ಟುಕೊಳ್ಳಿ, ಸಂಜೆ 6 ಗಂಟೆ ಎನ್ನಿ. ದಿನದ ವ್ಯಾಪಾರ ಮುಗಿದ ಮೇಲೆ ಅದು ಇಪ್ಪತ್ತು ಸಲ ಬದಲಾಗುವುದಿಲ್ಲ, ಇಪ್ಪತ್ತು ಸಲ ನೋಡುವುದು ನಾವು.

ಅಲೆ ಬಂದಾಗ. ಹಲಗೆ ದಾಟಿಯೂ ಬರುವ ಆಸೆಗಳಿವೆ. ವ್ಯಸನಗಳ ಚಿಕಿತ್ಸೆಯಲ್ಲಿ ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಟ್ ಬಳಕೆಗೆ ತಂದ ವಿಧಾನ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಯಕೆ ಅಲೆಯಂತೆ ಏರಿ, ತುದಿ ಮುಟ್ಟಿ, ಇಳಿಯುತ್ತದೆ. ಚಿತ್ರ ಕಟ್ಟಿ ಮೇವು ಹಾಕದಿದ್ದರೆ ಸಾಮಾನ್ಯವಾಗಿ ಅರ್ಧ ಗಂಟೆ ದಾಟುವುದಿಲ್ಲ. ಕುಳಿತುಕೊಳ್ಳಿ. ಗಂಟಲೋ ಹೊಟ್ಟೆಯೋ ಬೆರಳ ತುದಿಯೋ, ದೇಹದಲ್ಲಿ ಅದು ಇರುವ ಜಾಗ ಹುಡುಕಿ. ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಂಡು ಆರು ಎಣಿಸುತ್ತ ಬಿಡಿ. ಐದು ನಿಮಿಷಕ್ಕೊಮ್ಮೆ 10ಕ್ಕೆ ಎಷ್ಟೆಂದು ಬರೆಯಿರಿ. ‘7, 8, 8, 6, 3’ ಎಂಬಂಥ ಸಾಲು ಬರುತ್ತದೆ. ಎರಡನೆಯ ‘8’ರ ಹೊತ್ತಿಗೆ ಎದ್ದು ಹೋಗುವವರೇ ಹೆಚ್ಚು, ಇದು ಏರುತ್ತಲೇ ಹೋಗುತ್ತದೆ ಎಂಬ ಹೆದರಿಕೆ ಆಗಲೇ ಜೋರು. ದೋಣಿಯವರು ದೊಡ್ಡ ಅಲೆ ಕಂಡರೆ ದೋಣಿಯ ಮುಂಭಾಗವನ್ನು ಅಲೆಗೆ ಎದುರು ಹಿಡಿಯುತ್ತಾರೆ. ಅಡ್ಡ ಕೊಟ್ಟರೆ ಮಗುಚುತ್ತದೆ.

ಕಾಯುವ ಪಟ್ಟಿ. ಕೊಳ್ಳಬೇಕೆನಿಸಿದ್ದನ್ನು ತಾರೀಖು ಹಾಕಿ ಬರೆದಿಡಿ. 500 ರೂಪಾಯಿಯೊಳಗಿನದಕ್ಕೆ ಒಂದು ದಿನ, 5,000ದೊಳಗಿನದಕ್ಕೆ ಏಳು ದಿನ, ಅದಕ್ಕೂ ಹೆಚ್ಚಿನದಕ್ಕೆ 30 ದಿನ. ಅವಧಿ ಮುಗಿದ ಮೇಲೂ ಬೇಕೆನಿಸಿದರೆ, ಸಾಲವಿಲ್ಲದೆ ಆಗುವುದಾದರೆ, ಕೊಳ್ಳಿ. ಹೊಟ್ಟೆ ಉರಿಸಿಕೊಳ್ಳುತ್ತ ಬಿಡುವುದಕ್ಕಿಂತ ಕಾದು ಕೊಳ್ಳುವುದು ವಾಸಿ. ಮೊತ್ತಗಳನ್ನು ನಿಮ್ಮ ಆದಾಯಕ್ಕೆ ಸರಿಯಾಗಿ ಬದಲಿಸಿಕೊಳ್ಳಿ.

ಪರಿಮಾಣ. ಇದೇ ಮುಖ್ಯ, ಇದೇ ಕಷ್ಟ. ಜೈನ ಗೃಹಸ್ಥರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ: ಭೂಮಿ–ಮನೆ, ಚಿನ್ನ–ಬೆಳ್ಳಿ, ಧನ–ಧಾನ್ಯ ಎಂದು ಬಗೆಬಗೆಯಾಗಿ ‘ಇಷ್ಟರವರೆಗೆ’ ಎಂದು ಮುಂಚೆಯೇ ನಿಗದಿ ಮಾಡಿಕೊಳ್ಳುವುದು. ಮುನಿಗಳಿಗೆ ಎಲ್ಲವನ್ನೂ ಬಿಡುವ ಮಹಾವ್ರತ, ಸಂಸಾರಸ್ಥರಿಗೆ ಅಳತೆ. ಶಿರಸಿ ಪಕ್ಕದ ಸೋಂದೆಯಲ್ಲಿ ಜೈನ ಮಠ ಶತಮಾನಗಳಿಂದ ಇರುವ ಕಾರಣ ಈ ಭಾಗದಲ್ಲಿ ಇದು ಹೊರಗಿನ ವಿಚಾರವೂ ಅಲ್ಲ. 12ನೇ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮರ ಕಥೆಯೂ ಇದೇ. ಬಿದ್ದ ಅಕ್ಕಿ ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ತಂದಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಕಳಿಸಿದಳು. ಆಕೆಗೆ ಅಂದಿನ ಅಳತೆ ಮೊದಲೇ ಗೊತ್ತಿತ್ತು, ಹಾಗಾಗಿ ಹೆಚ್ಚಿನದು ಹೆಚ್ಚೆಂದು ಕಂಡಿತು. ಅಳತೆ ಇಲ್ಲದವರಿಗೆ ಹೆಚ್ಚು ಎಂಬುದೇ ಇರುವುದಿಲ್ಲ.

ಮೂರು ಬಗೆ ಮಾತ್ರ ಆರಿಸಿಕೊಳ್ಳಿ, ಸಂಖ್ಯೆಯಲ್ಲಿ ಬರೆಯಿರಿ. ‘ಕಡಿಮೆ ಸೀರೆ’ ಎಂದಲ್ಲ, ‘ರೇಷ್ಮೆ ಸೀರೆ 12, ಹೊಸದು ಬಂದರೆ ಒಂದು ಕೊಡುವುದು’. ‘ಫೋನು ನಾಲ್ಕು ವರ್ಷಕ್ಕೊಮ್ಮೆ’. ಅಡಿಕೆಗೂ ಹೀಗೆ ಮಾಡಬಹುದು. 30 ಕ್ವಿಂಟಲ್ ಚಾಲಿ ಇದ್ದರೆ 10 ಕ್ವಿಂಟಲ್ ಮಾರ್ಚ್ ಕೊನೆಯ ಸಾಲದ ಕಂತಿಗೆ ಮುಂಚೆ, ಧಾರಣೆ ಏನೇ ಇರಲಿ. ಇನ್ನು 10, ಜನವರಿಯಲ್ಲೇ ಬರೆದಿಟ್ಟ ಬೆಲೆ ಬಂದ ದಿನ. ಉಳಿದ 10 ಮೇ 31ರೊಳಗೆ. ಚೆನ್ನಾಗಿ ಒಣಗಿಸಿ ಕಟ್ಟದ ಚೀಲ ಮಳೆಗಾಲದ ಥಂಡಿಗೆ ಸಿಕ್ಕರೆ ಬೂಷ್ಟು ಹಿಡಿದು ಹುಳ ಕೊರೆಯುತ್ತದೆ, ಕಾದು ಗಳಿಸಿದ್ದು ಅಲ್ಲಿ ಹೋಗುತ್ತದೆ. ಈ ಯೋಜನೆಯಿಂದ ಅತಿ ಹೆಚ್ಚಿನ ಬೆಲೆ ಸಿಗುತ್ತದೆಂದಲ್ಲ. ದಿನದಿನವೂ ಹೊಸದಾಗಿ ನಿರ್ಧರಿಸುವ ಕೆಲಸ ತಪ್ಪುತ್ತದೆ.

ಅಳತೆಯನ್ನು ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಮನೆಯವರ ಜೊತೆ ಕುಳಿತು ಮಾತ್ರ ಬದಲಿಸಿ. ಆಸೆ ಎದ್ದ ದಿನ ಬದಲಿಸುವಂತಿಲ್ಲ.

ನಿಗದಿತ ಬಿಡುವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬಲೆ ಹೆಣೆಯುವ, ಬೋಟು ರಿಪೇರಿ ಮಾಡುವ ಕಾಲ ಅದು. ಸಮುದ್ರಕ್ಕೇ ಹೋಗುವುದಿಲ್ಲ ಎಂಬ ಶಪಥವಲ್ಲ. ಶುರುವಿಗೂ ಕೊನೆಗೂ ತಾರೀಖು ಇದೆ. ಅತಿಯಾದ ಅಭ್ಯಾಸವೊಂದನ್ನು ಆರಿಸಿ ವರ್ಷಕ್ಕೆ ಎರಡು ಸಲ, ಹತ್ತು ಹತ್ತು ದಿನ ಹೀಗೆ ಬಂದ್ ಮಾಡಿ. ಹನ್ನೊಂದನೆಯ ದಿನದ ಚಹಾ ಹೇಗಿರುತ್ತದೆಂದು ಆಗ ನೋಡಿ.

## ಎಲ್ಲಿ ಕೆಡುತ್ತದೆ

ಹೆಚ್ಚಿನವರು ಮೊದಲ ತಿಂಗಳೇ ಎಲ್ಲವನ್ನೂ ಒಟ್ಟಿಗೆ ಬಿಡಲು ಹೋಗುತ್ತಾರೆ. ಸಿಹಿ, ಫೋನು, ಸಿಟ್ಟು, ಎಲ್ಲ ಇಂದಿನಿಂದ ಬಂದ್. ಎರಡು ವಾರದಲ್ಲಿ ಕಟ್ಟೆ ಒಡೆಯುತ್ತದೆ, ಒಡೆದ ರಭಸಕ್ಕೆ ಮೊದಲಿಗಿಂತ ಹೆಚ್ಚು ನೀರು ನುಗ್ಗುತ್ತದೆ.

ಬದಲಿ ಆಸೆ ಗೊತ್ತಾಗದೆ ಬರುತ್ತದೆ. ಬಟ್ಟೆ ಕೊಳ್ಳುವುದು ಬಿಟ್ಟವರು ಪೂಜಾ ಸಾಮಾನು ಕೊಳ್ಳತೊಡಗುತ್ತಾರೆ. ಕಪಾಟು ಮತ್ತೆ ತುಂಬುತ್ತದೆ. ಏಳು ದಿನದ ಪುಸ್ತಕವನ್ನು ಮೂರು ತಿಂಗಳಿಗೊಮ್ಮೆ ಮತ್ತೆ ಬರೆಯಬೇಕಾದ್ದು ಇದಕ್ಕೇ.

ಬಿಟ್ಟದ್ದನ್ನು ಊರಿಗೆಲ್ಲ ಹೇಳುವುದು ಇನ್ನೊಂದು. ಅಲ್ಲಿ ವಸ್ತುವಿನ ಆಸೆ ಹೋಗಿ ಹೊಗಳಿಕೆಯ ಆಸೆ ಕುಳಿತಿರುತ್ತದೆ. ಇದಕ್ಕಿಂತ ಕೆಟ್ಟದ್ದು ತಮ್ಮ ಅಳತೆಯನ್ನು ಮನೆಯವರ ಮೇಲೆ ಹೇರುವುದು. ಗಂಡ ವೈರಾಗ್ಯಕ್ಕೆ ಇಳಿದ ಮನೆಯಲ್ಲಿ ಹೆಂಡತಿಗೆ ಮಿಕ್ಸರ್ ರಿಪೇರಿಗೂ ದುಡ್ಡಿಲ್ಲ ಎಂದಾದರೆ ಅದು ತ್ಯಾಗವಲ್ಲ, ಜಿಪುಣತನ.

ಮತ್ತೆ, ಶಾಂತಿಯ ಆಸೆಯೇ ಅತಿಯಾಗುವುದು. ‘ಇಷ್ಟು ದಿನ ಧ್ಯಾನ ಮಾಡಿದೆ, ಇನ್ನೂ ಶಾಂತಿ ಬಂದಿಲ್ಲ’ ಎಂದು ಗಡಿಯಾರ ನೋಡುವುದು ಧಾರಣೆ ನೋಡಿದಂತೆಯೇ. ಬೌದ್ಧರು ತಣ್ಹಾದ ಮೂರು ಬಗೆ ಹೇಳುವಾಗ, ಇಲ್ಲವಾಗಬೇಕು, ತಪ್ಪಿಸಿಕೊಳ್ಳಬೇಕು ಎಂಬ ಬಯಕೆಯನ್ನೂ ‘ವಿಭವ ತಣ್ಹಾ’ ಎಂದು ಆ ಪಟ್ಟಿಗೇ ಸೇರಿಸಿದ್ದಾರೆ.

## ಇದು ಎಲ್ಲರಿಗೂ ಅಲ್ಲ

ಅಗತ್ಯವೇ ಪೂರೈಸದವರಿಗೆ ಆಸೆ ಕಡಿಮೆ ಮಾಡಿಕೊಳ್ಳಿ ಎನ್ನುವುದು ಸಲ್ಲದು. ಎಲೆಚುಕ್ಕಿ ರೋಗಕ್ಕೆ ತೋಟ ಕಳೆದುಕೊಂಡವರಿಗೆ ಬೇಕಾದದ್ದು ಪರಿಹಾರ. ಕೂಲಿ ಸರಿಯಾಗಿ ಸಿಗದವರಿಗೆ ಬೇಕಾದದ್ದು ಕೂಲಿ.

ಯಾವ ಆಸೆಯೂ ಇಲ್ಲದಂತಾಗುವುದೂ ಶಾಂತಿಯಲ್ಲ. ಮೊದಲು ಇಷ್ಟವಿದ್ದ ಯಕ್ಷಗಾನ, ಊಟ, ಮಕ್ಕಳ ಆಟ ಯಾವುದರಲ್ಲೂ ಎರಡು ವಾರಕ್ಕಿಂತ ಹೆಚ್ಚು ಕಾಲ ಆಸಕ್ತಿ ಇಲ್ಲದಿದ್ದರೆ, ನಿದ್ದೆ–ಹಸಿವು ಕೆಟ್ಟಿದ್ದರೆ ಅದು ಖಿನ್ನತೆಯ ಲಕ್ಷಣವಿರಬಹುದು. ಕುಡಿತ, ಜೂಜು, ಆನ್‌ಲೈನ್ ಆಟದ ಚಟಕ್ಕೂ ಪುಸ್ತಕ–ಪಟ್ಟಿ ಮಾತ್ರ ಸಾಲದು. ಜೂಜಿನ ಚಟವನ್ನೂ ಗೇಮಿಂಗ್ ಚಟವನ್ನೂ ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿಟ್ಟಿದೆ. ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

## ಎಷ್ಟು ದಿನದಲ್ಲಿ ಏನು ಕಾಣುತ್ತದೆ

ಒಳಗಿನ ಶಾಂತಿ ಎಂದರೆ ಸದಾ ಆನಂದವಾಗಿರುವುದೆಂದು ಅನೇಕರು ತಿಳಿದಿರುತ್ತಾರೆ. ಗೀತೆಯ ಎರಡನೆಯ ಅಧ್ಯಾಯದ 70ನೇ ಶ್ಲೋಕ ಕೊಡುವ ಹೋಲಿಕೆ ಬೇರೆ: ನದಿಗಳು ಬಂದು ಸೇರುತ್ತಲೇ ಇದ್ದರೂ ಸಮುದ್ರ ತನ್ನ ನೆಲೆ ಬಿಡುವುದಿಲ್ಲ, ಹಾಗೆ ಆಸೆಗಳು ಯಾರೊಳಗೆ ಬಂದು ಸೇರುತ್ತವೋ ಅವನಿಗೆ ಶಾಂತಿ. ಗಮನಿಸಿ, ಆಸೆಗಳು ಬರುವುದಿಲ್ಲ ಎಂದು ಅಲ್ಲಿಲ್ಲ. ಆಷಾಢದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಕೆಂಪಗೆ ತುಂಬಿ ಬರುತ್ತವೆ. ಅಳಿವೆಯ ಹತ್ತಿರ ನೀರು ಕೆಂಪಾಗುತ್ತದೆ, ದೂರದಲ್ಲಿ ನೀಲಿ ನೀಲಿಯಾಗಿಯೇ ಇರುತ್ತದೆ.

ಹಾಗಾಗಿ ಅಳೆಯಬೇಕಾದದ್ದು ಎಷ್ಟು ಆಸೆ ಬಂತೆಂದಲ್ಲ, ಕದಡಿದ್ದು ತಿಳಿಯಾಗಲು ಎಷ್ಟು ಹೊತ್ತು ಹಿಡಿಯಿತೆಂದು. ಮೊದಲ ತಿಂಗಳು ಹೆಚ್ಚಿನವರಿಗೆ ಆಸೆಗಳು ಹೆಚ್ಚಾದಂತೆ ಅನಿಸುತ್ತದೆ. ಹೆಚ್ಚಾದದ್ದಲ್ಲ, ಕಾಣತೊಡಗಿದ್ದು, ಇಲ್ಲಿ ಹೆದರಿ ಬಿಡಬೇಡಿ. ಎರಡನೆಯ ತಿಂಗಳಲ್ಲಿ ಕಾಯುವ ಪಟ್ಟಿಯಿಂದ ಸಾಲುಗಳು ತಾವಾಗಿ ಬಿದ್ದುಹೋಗುತ್ತವೆ, ‘ಇದನ್ನು ಯಾಕೆ ಬರೆದಿದ್ದೆ’ ಎಂದು ನಿಮಗೇ ನಗು ಬರುತ್ತದೆ. ಮೂರನೆಯ ತಿಂಗಳಲ್ಲಿ ಒಂದು ದಿನ ಸಂಜೆ ಆರರ ಧಾರಣೆ ನೋಡಲು ಮರೆತುಹೋಗಿ, ಅದು ಮರುದಿನ ತೋಟದಲ್ಲಿ ನೆನಪಾಗುತ್ತದೆ. ಆ ತಾರೀಖನ್ನೂ ಪುಸ್ತಕದಲ್ಲಿ ಬರೆದಿಡಿ.